ಹಳೆಯ ಗೋಡೆಗೆ ಉಳಿ ಇಡುವ ಮುನ್ನ

ರಮಝಾನ್ ಹತ್ತಿರ ಬಂತೆಂದರೆ ಅಥವಾ ಮಗಳ ನಿಕಾಹ್ ನಿಶ್ಚಯವಾಯಿತೆಂದರೆ ನಮ್ಮ ಮನೆಗಳಲ್ಲಿ ರಿಪೇರಿಯ ಮಾತು ಏಳುತ್ತದೆ. ದಾವಣಗೆರೆಯ ಆಝಾದ್ ನಗರವಿರಲಿ, ತುಂಗಭದ್ರೆಯ ದಂಡೆಯ ಹರಿಹರದ ಹಳೆಯ ಓಣಿಗಳಿರಲಿ, ಅಜ್ಜನ ಕಾಲದ ಮನೆಗೆ ಹೊಸ ವಯರಿಂಗ್, ಹೊಸ ನಳ ಬೇಕೆಂದರೆ ಗೋಡೆ ಕೊರೆಯುವ ಕೆಲಸ ಬಂದೇ ಬರುತ್ತದೆ. ಮೇಸ್ತ್ರಿಯೊಂದಿಗೆ ಮಾತಾಡುವವರು ಹೆಚ್ಚಾಗಿ ಗಂಡಸರು. ಆದರೆ ಆ ಧೂಳಿನ ನಡುವೆ ಅಡುಗೆ ಮಾಡುವವರು, ಮಗುವನ್ನು ಮಲಗಿಸುವವರು ನೀವು. ಆದ್ದರಿಂದ ಈ ವಿಷಯ ನಿಮಗೂ ತಿಳಿದಿರಲಿ, ಸಹೋದರಿಯರೇ.

ಮೊದಲು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಲ್ಲಿ ಗಿಲಾವು ಗೋಡೆಯನ್ನು ಬಿಟ್ಟಿದೆ ಎಂದರ್ಥ; ಉಳಿ ಬಿದ್ದರೆ ಹಲಗೆಯಂತೆ ಕಳಚಿ ಬೀಳುತ್ತದೆ. ನಮ್ಮ ಸೀಮೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಗೋಡೆಗಳು ಬಿರಿಯುತ್ತವೆ. ಬಿರುಕು ಅಗಲವಾಗುತ್ತಿದ್ದರೆ ಇಂಜಿನಿಯರರಿಗೆ ತೋರಿಸದೆ ಕೊರೆಸಬೇಡಿ. 9 ಇಂಚಿನ ಇಟ್ಟಿಗೆ ಗೋಡೆಯಲ್ಲಿ ಅಡ್ಡ ಕೊರೆತ ಒಂದೂವರೆ ಇಂಚು, ನೆಟ್ಟಗಿನದು 3 ಇಂಚು ಮೀರಬಾರದು. ಮಣ್ಣಿನ ಗೋಡೆಯಾದರೆ ಕೊರೆಯದೆ ಕೇಸಿಂಗ್ ಪಟ್ಟಿಯಲ್ಲೇ ವಯರ್ ಓಡಿಸುವುದು ಲೇಸು. ಬಂದ ನೆಂಟರು ಬಿರಿಯಾನಿಯನ್ನು ನೋಡುತ್ತಾರೆಯೇ ಹೊರತು ವಯರನ್ನಲ್ಲ!

ಓಣಿಯ ಮನೆಗಳಲ್ಲಿ ಒಂದೇ ಗೋಡೆ ಎರಡು ಮನೆಗಳಿಗೆ ಆಸರೆಯಾಗಿರುವುದುಂಟು. ಆಚೆ ಬದಿಯವರು ಅದೇ ಜಾಗದಲ್ಲಿ ಮೊದಲೇ ಕೊರೆಸಿದ್ದರೆ ನಡುವೆ ಉಳಿಯುವುದೆಷ್ಟು? ನೆರೆಯವನು ನಿಮ್ಮ ಗೋಡೆಗೆ ಮರದ ತೊಲೆ ಊರಲು ಬಂದರೆ ತಡೆಯಬೇಡಿರೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅಬೂಹುರೈರಾ(ರ) ವರದಿ ಮಾಡಿದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ನಮ್ಮ ಸ್ವಂತ ಗೋಡೆಯಲ್ಲೇ ನೆರೆಯವನಿಗೆ ಇಷ್ಟು ಹಕ್ಕಿರುವಾಗ, ಇಬ್ಬರ ಗೋಡೆಯನ್ನು ಹೇಳದೆ ಕೇಳದೆ ಅಲುಗಿಸುವುದು ಹೇಗೆ ಸರಿ? ಪಕ್ಕದ ಮನೆಯವರು ಯಾವ ಧರ್ಮದವರೇ ಆಗಿರಲಿ, ಹೋಗಿ ಕೇಳಿ ಬನ್ನಿ.

ಇನ್ನು ಧೂಳು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಟ್ಟಿಂಗ್ ಮೆಷಿನ್ ಎಬ್ಬಿಸುವ ಪುಡಿಯಲ್ಲಿ ಮರಳು, ಇಟ್ಟಿಗೆಗಳ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದ ಕೂಲಿಯವನಿಗೆ ಸಿಲಿಕೋಸಿಸ್ ಬಂದರೆ ವಾಸಿಯಾಗುವುದಿಲ್ಲ. ಮುಖಕ್ಕೆ ಕಟ್ಟಿದ ಟವೆಲು ಆ ಸಣ್ಣ ಪುಡಿಯನ್ನು ತಡೆಯದು. ಅವನಿಗೊಂದು ಎನ್95 ಮಾಸ್ಕ್ ಕೊಡಿಸಿ. ಚಹಾ ಕೊಡುವಷ್ಟೇ ಇದೂ ನಮ್ಮ ಹೊಣೆ. ಗೋಡೆಯ ಮೇಲೆ ಹಳೆಯ ಆಯಿಲ್ ಪೇಂಟ್ ಇದ್ದರೆ ಅದರಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಸೀಸ ಮಕ್ಕಳ ಮಿದುಳಿಗೆ, ಹೊಟ್ಟೆಯಲ್ಲಿರುವ ಕೂಸಿಗೆ ವಿಷ. ಬಸುರಿಯರೂ ಚಿಕ್ಕ ಮಕ್ಕಳೂ ಆ ನಾಲ್ಕು ದಿನ ತವರಿನಲ್ಲಿರಲಿ. ಮೇನ್ ಸ್ವಿಚ್ ಆರಿಸಿ, ಗೋಡೆಗೆ ನೀರು ಚಿಮುಕಿಸಿ, ಉಳಿ ಸುತ್ತಿಗೆಯಿಂದ ನಿಧಾನವಾಗಿ ಕೊರೆಯಲು ಹೇಳಿ. ಬಾಗಿಲಿಗೆ ಒದ್ದೆ ಚಾದರ ಕಟ್ಟಿ. ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಿಂದಲೇ ಒರೆಸಿ.

ಕೊರೆದ ಜಾಗವನ್ನು ಸಿಮೆಂಟಿನಿಂದ ಮುಚ್ಚುವುದು ಮೇಸ್ತ್ರಿಗೆ ಸುಲಭ. ಆದರೆ ಸುಣ್ಣದ ಗಾರೆಯ ಗೋಡೆಯಲ್ಲಿರುವ ತೇವ ಸಿಮೆಂಟ್ ದಾಟಿ ಹೊರಬರಲಾರದೆ ಸುತ್ತಲಿನ ಗಿಲಾವನ್ನೇ ಉದುರಿಸುತ್ತದೆ. ಸುಣ್ಣ, ಮರಳಿನ ಗಾರೆಯನ್ನೇ ಹಾಕಿಸಿ. ಅದು ಒಣಗಲು ವಾರಗಳೇ ಬೇಕು. ಈದ್‌ಗೆ ಬಣ್ಣ ಆಗಿರಬೇಕೆಂದಿದ್ದರೆ ಶಅಬಾನ್‌ವರೆಗೆ ಕಾಯದೆ ರಜಬ್‌ನಲ್ಲೇ ಮೇಸ್ತ್ರಿಯನ್ನು ಕರೆಸಿ.