ಸಮೀಪಿಸುವುದೆಂದರೇನು?

ನಾಣ್ಯವನ್ನು ಚಿಮ್ಮಿದಾಗ ತಲೆ ಬೀಳುವುದೋ ಇಲ್ಲವೋ ಮುಂಚಿತವಾಗಿ ಹೇಳಬಲ್ಲವರಿಲ್ಲ. ಆದರೆ ಸಾವಿರಾರು ಸಲ ಚಿಮ್ಮಿದರೆ ತಲೆ ಬಿದ್ದ ಪ್ರಮಾಣವು ಅರ್ಧವನ್ನು ಸಮೀಪಿಸುವುದೆಂದು ಎಲ್ಲರೂ ನಂಬುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದ ಗಣಿತಜ್ಞ ಜಾನ್ ಕೆರಿಚ್ ನಾಣ್ಯವನ್ನು 10,000 ಸಲ ಚಿಮ್ಮಿ ಎಣಿಸಿದರು. ತಲೆ ಬಿದ್ದುದು 5,067 ಸಲ. ಇಂಥಲ್ಲಿ 'ಸಮೀಪಿಸುವುದು' ಎಂಬ ಮಾತಿಗೆ ಅರ್ಥವೇನು? ವಿಚಾರಿಸಿದರೆ ಒಂದಕ್ಕಿಂತ ಹೆಚ್ಚು ಅರ್ಥಗಳಿರುವುದು ಕಾಣಬರುತ್ತದೆ.

1713ರಲ್ಲಿ, ಮರಣಾನಂತರ ಪ್ರಕಟವಾದ ತನ್ನ ಗ್ರಂಥದಲ್ಲಿ ಜೇಕಬ್ ಬರ್ನೂಲಿ ಮೊದಲನೆಯ ಅರ್ಥವನ್ನು ಸಾಧಿಸಿ ತೋರಿಸಿದನು. ನಾವು ಎಷ್ಟೇ ಕಿರಿದಾದ ಅಂತರವನ್ನು ಗೊತ್ತುಮಾಡಿದರೂ, ಚಿಮ್ಮುವ ಸಂಖ್ಯೆ ಹೆಚ್ಚಿದಂತೆಲ್ಲ ಪ್ರಮಾಣವು ಅರ್ಧದಿಂದ ಆ ಅಂತರಕ್ಕಿಂತ ಆಚೆಗಿರುವ ಸಂಭಾವ್ಯತೆ ಸೊನ್ನೆಯತ್ತ ಸಾಗುತ್ತದೆ. ಇದಕ್ಕೆ 'ಸಂಭಾವ್ಯತೆಯಲ್ಲಿ ಅಭಿಸರಣ' ಎಂದು ಹೆಸರು. ಆದರೆ ಒಮ್ಮೆ ಹತ್ತಿರ ಬಂದ ಪ್ರಮಾಣವು ಮುಂದೆಂದೂ ದೂರ ಸರಿಯದೆಂಬ ಭರವಸೆ ಇದರಲ್ಲಿಲ್ಲ.

ಈ ಭೇದವನ್ನು ಒಂದು ದೀಪದಿಂದ ತಿಳಿಯೋಣ. ಅದು ಎರಡನೆಯ ರಾತ್ರಿ ನಂದುವ ಸಂಭಾವ್ಯತೆ 1/2, ಮೂರನೆಯ ರಾತ್ರಿ 1/3, ನೂರನೆಯ ರಾತ್ರಿ 1/100; ಒಂದು ರಾತ್ರಿಗೂ ಮತ್ತೊಂದಕ್ಕೂ ಸಂಬಂಧವಿಲ್ಲ. ನಂದುವ ಸಂಭಾವ್ಯತೆ ಸೊನ್ನೆಗೆ ಇಳಿಯುತ್ತದೆ. ಬರ್ನೂಲಿಯ ಅರ್ಥದಲ್ಲಿ ದೀಪವು ಸ್ಥಿರವಾಯಿತು. ಆದರೆ 101ರಿಂದ 200ನೆಯ ರಾತ್ರಿಯವರೆಗೆ ಒಮ್ಮೆಯೂ ನಂದದಿರುವ ಸಂಭಾವ್ಯತೆಯನ್ನು ಲೆಕ್ಕ ಹಾಕೋಣ. 100/101, 101/102, ಹೀಗೆ 199/200ರವರೆಗೆ ಗುಣಿಸಿದರೆ ನಡುವಣ ಸಂಖ್ಯೆಗಳೆಲ್ಲ ಹೊಡೆದುಹೋಗಿ 100/200, ಅಂದರೆ ಅರ್ಧ, ಉಳಿಯುತ್ತದೆ. 10,000ನೆಯ ರಾತ್ರಿಯವರೆಗೆ ಎಣಿಸಿದರೆ ಬರುವುದು 1/100 ಮಾತ್ರ. ಇನ್ನೂ ಮುಂದುವರಿದರೆ ಸೊನ್ನೆಯತ್ತ ಇಳಿಯುತ್ತದೆ. ಯಾವ ರಾತ್ರಿಯಿಂದ ಆರಂಭಿಸಿದರೂ ಗತಿ ಇದೇ. ದೀಪ ನಂದುವುದು ಅಪರೂಪವಾಗುತ್ತದೆ, ಆದರೆ ಎಂದಿಗೂ ನಿಲ್ಲುವುದಿಲ್ಲ!

ಸಂಭಾವ್ಯತೆಗಳು 1/4, 1/9, 1/16 ಎಂದು ವರ್ಗಗಳಂತೆ ಇಳಿದರೆ ಫಲವೇ ಬೇರೆ. ಆಗ ನೂರು ರಾತ್ರಿಗಳ ಬಳಿಕ ದೀಪವು ಎಂದೆಂದಿಗೂ ನಂದದಿರುವ ಸಂಭಾವ್ಯತೆ 100/101. ಎಷ್ಟು ತಡವಾಗಿ ಎಣಿಕೆ ಆರಂಭಿಸಿದರೆ ಅಷ್ಟರ ಮಟ್ಟಿಗೆ ಅದು ಒಂದಕ್ಕೆ ಹತ್ತಿರವಾಗುತ್ತದೆ. ಹೀಗೆ ಒಂದಲ್ಲ ಒಂದು ರಾತ್ರಿಯ ಅನಂತರ ದೀಪ ನಂದುವುದು ನಿಂತೇ ಹೋಗುತ್ತದೆ. ಈ ಬಲವಾದ ಅರ್ಥವೇ 'ಬಹುತೇಕ ಖಚಿತ ಅಭಿಸರಣ'. ಇದಿದ್ದಲ್ಲಿ ಮೊದಲನೆಯದು ಇದ್ದೇ ಇರುತ್ತದೆ. ಮೊದಲನೆಯದಿದ್ದ ಮಾತ್ರಕ್ಕೆ ಇದು ಇರಬೇಕಾಗಿಲ್ಲ.

ನಾಣ್ಯವು ಯಾವ ದೀಪದಂತೆ? 1909ರಲ್ಲಿ ಫ್ರಾನ್ಸಿನ ಎಮಿಲ್ ಬೊರೆಲ್ ಇದಕ್ಕೆ ಉತ್ತರವಿತ್ತನು: ಎರಡನೆಯದರಂತೆ. ಸದಾ ತಲೆಯೇ ಬೀಳುವಂಥ ಸರಣಿ ತರ್ಕಕ್ಕೆ ಅಸಾಧ್ಯವಲ್ಲ. ಆದರೆ ಅರ್ಧದತ್ತ ಸಾಗದ ಸರಣಿಗಳೆಲ್ಲವನ್ನೂ ಒಟ್ಟುಗೂಡಿಸಿದರೂ ಅವುಗಳ ಸಂಭಾವ್ಯತೆ ಸೊನ್ನೆ. 'ಬಹುತೇಕ' ಎಂಬ ಪದದ ಸ್ವಾರಸ್ಯ ಇಲ್ಲಿದೆ.

ಪ್ರಯೋಗಶಾಲೆಯಲ್ಲಿ ಲೋಲಕದ ಆವರ್ತಕಾಲವನ್ನು ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯುವಾಗ ನಮ್ಮ ಕೈಯಲ್ಲಿರುವುದು ಅಳತೆಗಳ ಒಂದೇ ಒಂದು ಸರಣಿ. ಆ ಒಂದು ಸರಣಿಯೇ ನೆಲೆಗೊಳ್ಳುವುದೆಂದು ನಾವು ನೆಚ್ಚಬೇಕಾದರೆ ಬರ್ನೂಲಿಯ ಮಾತು ಸಾಲದು. ಬೊರೆಲನ ಮಾತೇ ಬೇಕು.