ಹಾಯಿದೋಣಿಗಳಿಗೆ ಲಂಗರಿನ ಆಯ್ಕೆ ಹಾಗೂ ಬಳಕೆ: ದೋಣಿ ಮಾಲೀಕರ ಮಾಹಿತಿಗಾಗಿ

ಸ್ವಂತ ಹಾಯಿದೋಣಿಯ ನೋಂದಣಿ ಹಾಗೂ ತಪಾಸಣೆಗಾಗಿ ಅರ್ಜಿ ಸಲ್ಲಿಸುವವರು ಲಂಗರಿನ ವಿಷಯದಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಅದು ಎಷ್ಟು ಕಿಲೋಗ್ರಾಂ ತೂಕದ್ದಾಗಿರಬೇಕು? ಲಂಗರುಗಳ ಸಂಖ್ಯೆ, ತೂಕ ಮುಂತಾದ ಷರತ್ತುಗಳು ದೋಣಿಯ ವರ್ಗಕ್ಕೆ ಅನುಸಾರವಾಗಿ ಬೇರೆಬೇರೆಯಾಗಿರುವುದರಿಂದ ಅವುಗಳನ್ನು ನೋಂದಣಿ ಪ್ರಾಧಿಕಾರದಿಂದಲೇ ತಿಳಿದುಕೊಳ್ಳತಕ್ಕದ್ದು. ಆದರೆ ಷರತ್ತು ಪೂರೈಸಿದ ಮಾತ್ರಕ್ಕೆ ದೋಣಿಯು ನಿಂತಲ್ಲಿ ನಿಲ್ಲುತ್ತದೆಂದು ಭಾವಿಸಕೂಡದು. ಲಂಗರು ದೋಣಿಯನ್ನು ಹಿಡಿದು ನಿಲ್ಲಿಸುವುದು ಮುಖ್ಯವಾಗಿ ತನ್ನ ತೂಕದಿಂದಲ್ಲ, ನೆಲದೊಳಗೆ ಹೂತುಕೊಳ್ಳುವ ಗುಣದಿಂದ. ಈ ಅಂಶವನ್ನು ತಿಳಿಯದೆ ಭಾರವಾದ ಲಂಗರನ್ನು ಕೊಂಡು, ಅದನ್ನು ತಪ್ಪಾಗಿ ಇಳಿಸಿದಲ್ಲಿ ಖರ್ಚು ಮಾತ್ರ ಉಳಿಯುತ್ತದೆ.

2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ಅರಬ್ಬೀ ಸಮುದ್ರವನ್ನು ಹಾದುಹೋದಾಗ ಮುಂಬಯಿ ಹೊರಗಡಲಿನಲ್ಲಿದ್ದ ಪಿ-305 ಎಂಬ ವಸತಿ ಬಾರ್ಜ್ ಲಂಗರಿನ ಹಿಡಿತ ಕಳೆದುಕೊಂಡು ತೇಲಿಹೋಗಿ ಮುಳುಗಿದ್ದು, ಅದರಲ್ಲಿದ್ದ ಅನೇಕರು ಪ್ರಾಣ ಕಳೆದುಕೊಂಡರು. ಅದೇ ದಿನಗಳಲ್ಲಿ ಮಂಗಳೂರಿನ ಉತ್ತರಕ್ಕೆ ಒಂದು ಟಗ್ ನೌಕೆಯು ತೇಲಿಹೋಗಿ ಮೂಲ್ಕಿ ಸಮೀಪದ ಕಡಲ ಬಂಡೆಗಳಲ್ಲಿ ಸಿಲುಕಿತು. ಅದರಲ್ಲಿದ್ದ 9 ಮಂದಿಯನ್ನು ಕರಾವಳಿ ಕಾವಲು ಪಡೆ ಹಾಗೂ ನೌಕಾಪಡೆಗಳು ರಕ್ಷಿಸಿದವು. ಅವು ದೊಡ್ಡ ನೌಕೆಗಳು; ಅಂತಹ ಬಿರುಗಾಳಿಯಲ್ಲಿ ಸಣ್ಣ ಹಾಯಿದೋಣಿಯು ಸಮುದ್ರದಲ್ಲಿರುವುದೇ ಸಲ್ಲದು. ಆದರೆ ಸಾಧಾರಣ ರಾತ್ರಿಯ ಗಾಳಿಯಲ್ಲಿಯೂ ದೋಣಿಯ ಜನರೆಲ್ಲ ನಿದ್ರೆಯಲ್ಲಿರುವಾಗ ಲಂಗರು ಜಾರಿದರೆ, ದಡದ ಬಂಡೆಗೂ ದೋಣಿಗೂ ನಡುವೆ ಕೆಲವೇ ನಿಮಿಷಗಳ ಅಂತರವಿರುತ್ತದೆ.

ಲಂಗರಿನ ಬಗೆಗಳು

ನೇಗಿಲ ಆಕಾರದ ಲಂಗರನ್ನು 1933ರಲ್ಲಿ ರೂಪಿಸಿದವರು ಇಂಗ್ಲೆಂಡಿನ ಭೌತವಿಜ್ಞಾನಿ ಜೆಫ್ರಿ ಇಂಗ್ರಾಮ್ ಟೇಲರ್. ಉಳುವ ನೇಗಿಲು ಎಳೆದಷ್ಟೂ ಮಣ್ಣಿಗೆ ಇಳಿಯುವಂತೆ ಈ ಲಂಗರೂ ಎಳೆತಕ್ಕೆ ಸಿಕ್ಕಿದಾಗ ನೆಲಕ್ಕೆ ಇಳಿಯುತ್ತದೆ. ಸಿಕ್ಯೂಆರ್ ಎಂಬ ಹೆಸರಿನಲ್ಲಿ ಇದು ಹಲವು ದಶಕಗಳ ಕಾಲ ದೂರ ಸಂಚಾರದ ಹಾಯಿದೋಣಿಗಳ ಮೆಚ್ಚಿನ ಲಂಗರಾಗಿತ್ತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಬಳಕೆಗೆ ಬಂದ ಡ್ಯಾನ್‌ಫೋರ್ತ್ ಲಂಗರಿಗೆ ಎರಡು ಚಪ್ಪಟೆ ಅಲಗುಗಳಿವೆ. ಹಗುರವಾಗಿದ್ದರೂ ಮರಳು ಹಾಗೂ ಕೆಸರಿನಲ್ಲಿ ಇದರ ಹಿಡಿತ ಬಹಳ ಬಲವಾದದ್ದು. ಆದರೆ ಎಳೆತದ ದಿಕ್ಕು ತಿರುಗಿದಾಗ ಕಿತ್ತುಬಂದು ಮತ್ತೆ ಹಿಡಿಯದಿರುವ ಸಂಭವವಿದೆ. 1970ರ ದಶಕದ ಬ್ರೂಸ್ ಲಂಗರು ಹಕ್ಕಿಯ ಪಂಜದಂತಿದ್ದು ಬೇಗನೆ ಕಚ್ಚಿಕೊಳ್ಳುತ್ತದೆ. ತೂಕಕ್ಕೆ ಹೋಲಿಸಿದಲ್ಲಿ ಅದರ ಹಿಡಿತ ಕಡಿಮೆ.

1990ರ ದಶಕದಿಂದೀಚೆಗೆ ಬಂದ ಸ್ಪೇಡ್, ರೋಕ್ನಾ ಮುಂತಾದವುಗಳಲ್ಲಿ ಅಲಗು ಸಲಿಕೆಯಂತೆ ಒಳಬಾಗಿ ಚೂಪಾಗಿರುತ್ತದೆ. ರೋಕ್ನಾದಂತಹ ಕೆಲವು ಲಂಗರುಗಳಿಗೆ ಬೆನ್ನಿನ ಮೇಲೆ ಕಮಾನಿನಂತಹ ಕಂಬಿಯೂ ಇದ್ದು, ಮಗುಚಿ ಬಿದ್ದರೆ ಅದು ಲಂಗರನ್ನು ಸರಿಯಾದ ಮಗ್ಗುಲಿಗೆ ಹೊರಳಿಸುತ್ತದೆ. ಬಂಡೆ ಮತ್ತು ಪಾಚಿಯ ನೆಲಕ್ಕೆ ಹಳೆಯ ಕಾಲದ, ಅಡ್ಡಕಂಬಿಯ ಲಂಗರೇ ಇಂದಿಗೂ ಉಪಯುಕ್ತ. ನಾಲ್ಕು ಕೊಕ್ಕೆಗಳ ಮಡಚುವ ಲಂಗರು ಸಣ್ಣ ತೆಪ್ಪ, ಡಿಂಗಿಗಳಿಗೆ ಮಾತ್ರ ಸಾಕು. ಹಾಯಿದೋಣಿಗೆ ಅದನ್ನು ಮುಖ್ಯ ಲಂಗರಾಗಿ ಬಳಸಕೂಡದು.

ನಮ್ಮ ಕರಾವಳಿಗೆ ಯಾವುದು ಸೂಕ್ತ

ಈ ಪ್ರಶ್ನೆಗೆ ಉತ್ತರ ನೀಡುವುದು ನಮ್ಮ ಗಾಳಿ ಹಾಗೂ ನೀರಿನ ನಡೆ. ಮಳೆಗಾಲ ಮುಗಿದ ನಂತರ, ಹಾಯಿದೋಣಿಗಳು ಸಂಚರಿಸುವ ತಿಂಗಳುಗಳಲ್ಲಿ, ಹಗಲು ಮಧ್ಯಾಹ್ನದ ವೇಳೆಗೆ ಕಡಲಿನಿಂದ ದಡಕ್ಕೆ ಗಾಳಿ ಬೀಸುತ್ತದೆ. ರಾತ್ರಿ ಕಳೆದಂತೆ ನೆಲದಿಂದ ಕಡಲಿಗೆ ತಿರುಗುತ್ತದೆ. ಕಾಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಗಳಲ್ಲಿ ಇದರ ಜೊತೆಗೆ ಉಬ್ಬರ ಇಳಿತಗಳಿಂದ ನೀರಿನ ಸೆಳೆತವು ಸುಮಾರು ಆರು ಗಂಟೆಗೊಮ್ಮೆ ಹಿಂದುಮುಂದಾಗುತ್ತದೆ. ಅಂದರೆ ಸಂಜೆ ಭದ್ರವಾಗಿ ಹೂತ ಲಂಗರನ್ನು ಬೆಳಗಾಗುವುದರೊಳಗೆ ದೋಣಿಯು ವಿರುದ್ಧ ದಿಕ್ಕಿನಿಂದ ಎಳೆಯುತ್ತಿರುತ್ತದೆ. ಆದುದರಿಂದ ಒಮ್ಮೆ ಎಷ್ಟು ಬಲವಾಗಿ ಹಿಡಿಯುತ್ತದೆ ಎಂಬುದಕ್ಕಿಂತ, ತಿರುಗಿದಾಗ ತಾನಾಗಿಯೇ ಮತ್ತೆ ಹೂತುಕೊಳ್ಳುತ್ತದೆಯೇ ಎಂಬುದನ್ನು ಇಲ್ಲಿ ಮುಖ್ಯವಾಗಿ ನೋಡಬೇಕು. ಈ ದೃಷ್ಟಿಯಿಂದ ಒಳಬಾಗಿದ ಅಲಗಿನ ಹೊಸ ಬಗೆಯನ್ನು ಮುಖ್ಯ ಲಂಗರಾಗಿಯೂ, ಡ್ಯಾನ್‌ಫೋರ್ತ್ ಬಗೆಯನ್ನು ಎರಡನೆಯದಾಗಿಯೂ ಇರಿಸಿಕೊಳ್ಳುವುದು ಸೂಕ್ತ. ಸುಮಾರು 10 ಮೀಟರ್ ಉದ್ದದ, 5ರಿಂದ 6 ಟನ್ ತೂಕದ ದೋಣಿಗೆ ಹೊಸ ಬಗೆಯ 15 ಕಿಲೋಗ್ರಾಂ ಲಂಗರು ಹಾಗೂ 8 ಮಿಲಿಮೀಟರ್ ದಪ್ಪದ ಕಲಾಯಿ ಹಾಕಿದ ಉಕ್ಕಿನ ಸರಪಳಿ ವಾಡಿಕೆಯಲ್ಲಿದೆ. ಎರಡು ಅಳತೆಗಳ ನಡುವೆ ಸಂದೇಹವಿದ್ದಲ್ಲಿ ದೊಡ್ಡದನ್ನೇ ಕೊಳ್ಳುವುದು ಲೇಸು.

ಕಾರವಾರ ಕೊಲ್ಲಿಯಂತಹ ಮೆತ್ತನೆಯ ಕೆಸರಿನಲ್ಲಿ ಲಂಗರು ಇಳಿಸಿದೊಡನೆ ಜೋರಾಗಿ ಎಳೆಯದೆ ಕಾಲು ಗಂಟೆಯಷ್ಟಾದರೂ ಅದು ತಾನಾಗಿ ಕುಳಿತುಕೊಳ್ಳಲು ಬಿಡಬೇಕು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಅಂಚಿನ ಕಲ್ಲುನೆಲದಲ್ಲಿ ಲಂಗರು ಸಂದಿಗೆ ಸಿಲುಕಬಹುದು. ಅಂತಹ ಕಡೆ ಲಂಗರಿನ ತಲೆಗೆ ಬೇರೊಂದು ತೆಳು ಹಗ್ಗ ಕಟ್ಟಿ ತೇಲುಬುರುಡೆಗೆ ಸೇರಿಸಿದಲ್ಲಿ ಹಿಮ್ಮುಖವಾಗಿ ಎಳೆದು ಬಿಡಿಸಬಹುದು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಹವಳವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿರುವುದರಿಂದ ಅದರ ಮೇಲೆ ಲಂಗರು ಇಳಿಸಕೂಡದು. ನೌಕಾನೆಲೆಯ ನಿಷೇಧಿತ ಪ್ರದೇಶ ಹಾಗೂ ಬಂದರಿನ ನೌಕಾಮಾರ್ಗಗಳಲ್ಲಿಯೂ ಲಂಗರು ಇಳಿಸತಕ್ಕದ್ದಲ್ಲ.

ಎಷ್ಟು ಉದ್ದ ಬಿಡಬೇಕು

ಹೆಚ್ಚಿನವರು ಎಡವುವುದು ಈ ಲೆಕ್ಕದಲ್ಲಿ. ಎಳೆತವು ನೆಲಕ್ಕೆ ಸಮಾನಾಂತರವಾಗಿದ್ದರೆ ಲಂಗರು ಹೂತುಕೊಳ್ಳುತ್ತದೆ, ಮೇಲ್ಮುಖವಾಗಿದ್ದರೆ ಕಿತ್ತುಬರುತ್ತದೆ. ಆದುದರಿಂದ ಪೂರ್ತಿ ಸರಪಳಿಯಾಗಿದ್ದಲ್ಲಿ ಆಳದ 5 ಪಟ್ಟು, ಸರಪಳಿಯ ತುದಿಗೆ ಹಗ್ಗವಿದ್ದಲ್ಲಿ 7 ಪಟ್ಟು ಉದ್ದ ಬಿಡುವುದು ಸಾಮಾನ್ಯ ನಿಯಮ. ಇಲ್ಲಿ ಆಳವೆಂದರೆ ಆ ಹೊತ್ತಿನ ನೀರಿನ ಆಳ ಮಾತ್ರವಲ್ಲ. ಉದಾಹರಣೆಗೆ, ಇಳಿತದ ವೇಳೆ ನೀರು 5 ಮೀಟರ್ ಇದೆ. ದೋಣಿಯ ಮೂತಿ ನೀರಿನಿಂದ 1 ಮೀಟರ್ ಎತ್ತರದಲ್ಲಿದೆ. ಉಬ್ಬರಕ್ಕೆ ನೀರು ಇನ್ನೂ 1.5 ಮೀಟರ್ ಏರಲಿದೆ. ಒಟ್ಟು 7.5 ಮೀಟರ್. ಇದರ 5 ಪಟ್ಟು 37.5 ಮೀಟರ್. ಕೇವಲ 5 ಮೀಟರಿನ ಲೆಕ್ಕದಲ್ಲಿ 25 ಮೀಟರ್ ಬಿಟ್ಟವನಿಗೆ ನಡುರಾತ್ರಿಯ ಉಬ್ಬರದಲ್ಲಿ ಉಳಿಯುವುದು ಸುಮಾರು 3.3 ಪಟ್ಟು ಮಾತ್ರ. ಸಂಜೆ ಯಾವ ದೋಷವೂ ಕಾಣದಿದ್ದ ದೋಣಿ ರಾತ್ರಿ ಜಾರುವುದಕ್ಕೆ ಇಷ್ಟೇ ಸಾಕು.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಸರಪಳಿ ಭಾರವಾಗಿರುವುದರಿಂದ ಅದೇ ದೋಣಿಯನ್ನು ಹಿಡಿದಿಡುತ್ತದೆಂಬ ನಂಬಿಕೆ ಇದೆ. ಬಲವಾದ ಗಾಳಿಗೆ ಸರಪಳಿಯೂ ಬಿಗಿದ ತಂತಿಯಂತೆ ನೇರವಾಗುತ್ತದೆ. ಆಗ ಪ್ರತಿ ಅಲೆಯ ಜಗ್ಗು ನೇರವಾಗಿ ಲಂಗರಿಗೆ ತಲುಪುತ್ತದೆ. ಹಿಗ್ಗುವ ಗುಣದ ಕೆಲವು ಮೀಟರ್ ನೈಲಾನ್ ಹಗ್ಗವನ್ನು ಸರಪಳಿಗೆ ಕೊಕ್ಕೆಯಿಂದ ಸಿಕ್ಕಿಸಿ, ಎಳೆತವನ್ನು ಅದರ ಮೇಲೆ ಬಿಡುವುದೇ ಇದಕ್ಕೆ ಪರಿಹಾರ.

ಇಳಿಸುವ ಕ್ರಮ

ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ ಲಂಗರನ್ನು ನೆಲ ಮುಟ್ಟುವವರೆಗೆ ನಿಧಾನವಾಗಿ ಇಳಿಸಬೇಕು. ಲಂಗರು, ಸರಪಳಿ ಎರಡನ್ನೂ ಒಮ್ಮೆಗೇ ರಾಶಿಯಾಗಿ ಸುರಿಯಕೂಡದು. ದೋಣಿ ಹಿಂದಕ್ಕೆ ಸರಿದಂತೆ ಸರಪಳಿ ಬಿಡುತ್ತಾ ಹೋಗಿ, ಪೂರ್ತಿ ಬಿಟ್ಟ ಮೇಲೆ ಎಂಜಿನ್ನನ್ನು ಹಿಮ್ಮುಖವಾಗಿ ಕ್ರಮೇಣ ಹೆಚ್ಚಿಸಬೇಕು. ಆಗ ಸರಪಳಿಯ ಮೇಲೆ ಕೈಯಿಟ್ಟರೆ ಲಂಗರು ಜಾರುತ್ತಿರುವುದು ನಡುಕವಾಗಿ ತಿಳಿಯುತ್ತದೆ. ದಡದಲ್ಲಿ ಒಂದರ ಹಿಂದೊಂದು ಕಾಣುವ ಎರಡು ಗುರುತುಗಳನ್ನು, ಉದಾಹರಣೆಗೆ ಒಂದು ತೆಂಗಿನಮರ ಹಾಗೂ ಅದರ ಹಿಂದಿನ ದೀಪಸ್ತಂಭವನ್ನು, ಪಕ್ಕದಿಂದ ನೋಡಿ ಇಟ್ಟುಕೊಳ್ಳಬೇಕು. ಎಂಜಿನ್ ಎಳೆಯುತ್ತಿರುವಾಗಲೂ ಅವು ಒಂದೇ ಸಾಲಿನಲ್ಲಿ ಉಳಿದಲ್ಲಿ ಲಂಗರು ಹಿಡಿದಿದೆ ಎಂದರ್ಥ. ಮೊಬೈಲ್ ಅಥವಾ ಜಿಪಿಎಸ್ ಉಪಕರಣದ ಲಂಗರು ಎಚ್ಚರಿಕೆ ಗಂಟೆಯನ್ನೂ ಇರಿಸಿಕೊಳ್ಳಬಹುದು. ಅದು ಗುರುತು ನೋಡುವುದಕ್ಕೆ ಬದಲಿಯಲ್ಲ. ದೋಣಿ ಪೂರ್ತಿ ಒಂದು ಸುತ್ತು ತಿರುಗಿದರೂ ಬೇರೆ ದೋಣಿಗಾಗಲಿ ಬಂಡೆಗಾಗಲಿ ತಾಗದಷ್ಟು ಜಾಗ ಸುತ್ತಲೂ ಇರತಕ್ಕದ್ದು.

ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಎಲ್ಲ ದಿಕ್ಕಿಗೂ ಕಾಣುವ ಬಿಳಿ ದೀಪವನ್ನು, ಹಗಲಿನಲ್ಲಿ ಮುಂಭಾಗದಲ್ಲಿ ಕಪ್ಪು ಗೋಲವನ್ನು ತೋರಿಸುವುದು ಅಂತರರಾಷ್ಟ್ರೀಯ ಘರ್ಷಣೆ ತಡೆ ನಿಯಮಗಳ ಪ್ರಕಾರ ಕಡ್ಡಾಯ. 7 ಮೀಟರಿಗಿಂತ ಚಿಕ್ಕ ದೋಣಿಗೆ ಇರುವ ವಿನಾಯಿತಿಯು ಕಿರಿದಾದ ಕಾಲುವೆ, ನೌಕಾಮಾರ್ಗ ಹಾಗೂ ಲಂಗರು ತಾಣಗಳ ಸಮೀಪದಲ್ಲಿ ಅನ್ವಯಿಸುವುದಿಲ್ಲ.

ತಪಾಸಣೆಗೆ ದೋಣಿಯನ್ನು ತರುವ ಮುನ್ನ ಸರಪಳಿಯನ್ನು ಪೂರ್ತಿ ಹೊರತೆಗೆದು ಸವೆದ ಕೊಂಡಿಗಳನ್ನು ನೋಡುವುದು, ಸಂಕೋಲೆಯ ತಿರುಪು ಬಿಚ್ಚದಂತೆ ತಂತಿ ಸುತ್ತುವುದು ಹಾಗೂ ಸರಪಳಿಯ ಒಳತುದಿಯನ್ನು ದೋಣಿಗೆ ಹಗ್ಗದಿಂದ ಕಟ್ಟಿರುವುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಹಗ್ಗವೇ ಏಕೆಂದರೆ, ಆಪತ್ತಿನಲ್ಲಿ ಲಂಗರನ್ನು ಬಿಟ್ಟು ಹೊರಡಬೇಕಾದಲ್ಲಿ ಅದನ್ನು ಚಾಕುವಿನಿಂದ ಕತ್ತರಿಸಬಹುದು.

ಲಂಗರು ಜಾರಿ ದೋಣಿ ಅಪಾಯಕ್ಕೆ ಸಿಲುಕಿದಲ್ಲಿ ವಿಎಚ್‌ಎಫ್ 16ನೇ ಚಾನೆಲ್‌ನಲ್ಲಿ, ಅಥವಾ ಕರಾವಳಿ ಕಾವಲು ಪಡೆಯ 1554, ಕರಾವಳಿ ಕಾವಲು ಪೊಲೀಸರ 1093 ದೂರವಾಣಿಗಳಿಗೆ ಕೂಡಲೇ ತಿಳಿಸತಕ್ಕದ್ದು.