ಆರೋಹಿ ಬಳ್ಳಿಗಳು

ಆರೋಹಿ ಬಳ್ಳಿಗಳು ತಮ್ಮ ಕಾಂಡದ ಬಲದಿಂದ ನೆಟ್ಟಗೆ ನಿಲ್ಲಲಾರದೆ, ಮರ, ಬಂಡೆ ಅಥವಾ ಚಪ್ಪರವನ್ನು ಆಧರಿಸಿ ಬೆಳಕಿನತ್ತ ಏರುವ ಸಸ್ಯಗಳು. ಕನ್ನಡದಲ್ಲಿ ನೆಲದ ಮೇಲೆ ಹಬ್ಬುವ ಸಸ್ಯಗಳನ್ನೂ 'ಬಳ್ಳಿ' ಎಂದೇ ಕರೆಯುವ ರೂಢಿಯಿದೆ. ಕಾರವಾರ, ಅಂಕೋಲಾ ಕರಾವಳಿಯ ಮರಳಿನಲ್ಲಿ ಹರಡುವ ಅಡಂಬು ಬಳ್ಳಿ ಹಬ್ಬುವ ಸಸ್ಯವೇ ಹೊರತು ಏರುವಂಥದಲ್ಲ.

ಏರುವ ಬಗೆಗಳು

ಆರೋಹಿಗಳನ್ನು ಹೂವು ಅಥವಾ ಎಲೆಗಳಿಗಿಂತ ಅವು ಆಸರೆಯನ್ನು ಹಿಡಿಯುವ ರೀತಿಯಿಂದ ವಿಂಗಡಿಸುವುದು ವಾಡಿಕೆ. ಈ ವಿಂಗಡಣೆಗೆ ತಳಹದಿ ಹಾಕಿದ್ದು 1865ರಲ್ಲಿ ಪ್ರಕಟವಾದ ಚಾರ್ಲ್ಸ್ ಡಾರ್ವಿನ್ನನ ದೀರ್ಘ ಪ್ರಬಂಧ.

ಬಸಳೆ, ಅಮೃತಬಳ್ಳಿ, ಶಂಖಪುಷ್ಪಗಳಲ್ಲಿ ಕಾಂಡವೇ ಆಸರೆಯನ್ನು ಸುತ್ತುತ್ತದೆ. ಎಳೆಯ ತುದಿ ಗಾಳಿಯಲ್ಲಿ ವೃತ್ತಾಕಾರವಾಗಿ ತಿರುಗುತ್ತ ಆಸರೆಯನ್ನು ಅರಸುತ್ತದೆ; ಹಾಪ್ ಬಳ್ಳಿಯ ತುದಿ ಬಿಸಿಲಿನ ದಿನಗಳಲ್ಲಿ ಒಂದು ಸುತ್ತಿಗೆ ಸುಮಾರು 2 ಗಂಟೆ 8 ನಿಮಿಷ ತೆಗೆದುಕೊಳ್ಳುವುದನ್ನು ಡಾರ್ವಿನ್ ಅಳೆದಿದ್ದನು. ಸುತ್ತುವ ದಿಕ್ಕು ಸಾಮಾನ್ಯವಾಗಿ ಆಯಾ ಪ್ರಭೇದಕ್ಕೆ ನಿಶ್ಚಿತ. ತೀರ ದಪ್ಪನೆಯ ಮರವನ್ನು ಇಂಥ ಬಳ್ಳಿಗಳು ಬಳಸಿ ಏರಲಾರವು.

ಹೀರೆ, ಹಾಗಲ, ಸೌತೆಗಳಿಗೆ ಎಳೆಯಂಥ ಕುಡಿಬಳ್ಳಿಗಳಿವೆ. ಇವು ತಾಗಿದ್ದನ್ನು ಹಿಡಿದ ಮೇಲೆ ಸ್ಪ್ರಿಂಗಿನಂತೆ ಸುರುಳಿಗೊಂಡು ಗಿಡವನ್ನು ಹತ್ತಿರಕ್ಕೆ ಎಳೆಯುತ್ತವೆ. ಎರಡೂ ತುದಿ ಬಿಗಿದಿರುವುದರಿಂದ ಸುರುಳಿಯ ದಿಕ್ಕು ನಡುವೆ ತಿರುವುಮುರುವಾಗುತ್ತದೆ. ತೆಳುವಾದ ಆಸರೆಯೇ ಬೇಕಾದ್ದರಿಂದ ಈ ತರಕಾರಿಗಳಿಗೆ ಚಪ್ಪರ ಅಥವಾ ಕಡ್ಡಿಗಳು ಒಪ್ಪುತ್ತವೆ. ಗೌರಿಹೂವಿನಲ್ಲಿ (ಅಗ್ನಿಶಿಖೆ) ಎಲೆಯ ತುದಿಯೇ ಈ ಕೆಲಸ ಮಾಡುತ್ತದೆ. ಬೆತ್ತ ಮತ್ತು ಸೀಗೆ ಬಾಗಿದ ಮುಳ್ಳುಗಳಿಂದ ಪಕ್ಕದ ಗಿಡಗಳಿಗೆ ಸಿಕ್ಕಿಕೊಂಡು ಮೇಲೇರುತ್ತವೆ.

ಬೇರಿನಿಂದ ಏರುವ ಬಳ್ಳಿಗಳು

ಕಾಳುಮೆಣಸು ಮತ್ತು ವೀಳ್ಯದೆಲೆ ಈ ಗುಂಪಿನವು. ಗೆಣ್ಣುಗಳಲ್ಲಿ ಮೂಡುವ ಆಗಂತುಕ ಬೇರುಗಳು ತೊಗಟೆಗೆ ಅಂಟುತ್ತವೆ. ಉತ್ತರ ಕನ್ನಡದ ತೋಟಗಳಲ್ಲಿ ಅಡಿಕೆ ಮರವೇ ಮೆಣಸಿಗೆ ಆಸರೆ. ತೊಗಟೆ ಕಳಚಿ ಬೀಳುವ ಮರ ಇದಕ್ಕೆ ಆಗದು, ಬಳ್ಳಿಯೂ ಜೊತೆಗೇ ಜಾರುತ್ತದೆ.

ಈ ಬೇರುಗಳು ಮರದ ರಸ ಹೀರುತ್ತವೆಂಬ ಭಾವನೆ ಸರಿಯಲ್ಲ. ಮೆಣಸು ತನ್ನ ಆಹಾರವನ್ನು ಎಲೆಗಳಲ್ಲಿ ತಯಾರಿಸಿ, ನೀರನ್ನು ನೆಲದ ಬೇರುಗಳಿಂದ ಪಡೆಯುತ್ತದೆ. ಮಣ್ಣಿನ ಸಾರಕ್ಕಾಗಿ ಎರಡರ ನಡುವೆ ಪೈಪೋಟಿ ಇರಬಹುದು, ಆದರೆ ಪರಾವಲಂಬನೆಯಲ್ಲ. ನಿಜವಾದ ಪರಾವಲಂಬಿ ಕರಾವಳಿಯ ಪೊದೆಗಳ ಮೇಲೆ ದಾರದಂತೆ ಹರಡುವ, ಎಲೆಯಿಲ್ಲದಂತೆ ಕಾಣುವ ಆಕಾಶಬಳ್ಳಿ. ಅದರ ಹೀರುಬೇರುಗಳು ಆಶ್ರಯ ನೀಡಿದ ಗಿಡದ ಅಂಗಾಂಶವನ್ನೇ ಹೊಗುತ್ತವೆ. ತೋಟದಲ್ಲಿ ಕಡಿದೊಗೆಯುವ ಮುನ್ನ ಈ ವ್ಯತ್ಯಾಸ ನೋಡಬೇಕಾದದ್ದು.

ಏರುವ ಗುಣ ಇಡೀ ಗಿಡಕ್ಕೆ ಸೇರಿದ್ದೂ ಅಲ್ಲ. ಮೆಣಸಿನ ಏರುವ ಕಾಂಡ ಅಥವಾ ಬುಡದ ಹಬ್ಬುಬಳ್ಳಿಯ ತುಂಡನ್ನು ನೆಟ್ಟರೆ ಮರ ಹತ್ತುವ ಬಳ್ಳಿ ಸಿಗುತ್ತದೆ. ಕಾಯಿ ಬಿಡುವ ಅಡ್ಡ ಕವಲನ್ನು ಬೇರೂರಿಸಿದರೆ ಅದೇ ತಳಿ ಕುಂಡದಲ್ಲಿ ಬೆಳೆಸಬಹುದಾದ ಪೊದೆಮೆಣಸಾಗುತ್ತದೆ. ಅದಕ್ಕೆ ಆಸರೆ ಬೇಡ.